ಎರಡರ ಮಗ್ಗಿಯಲ್ಲೇ ಮುಗಿಯುವ ಗುಣಾಕಾರ

ಹನ್ನೆರಡು ಹನ್ನೆರಡಲ ನೂರ ನಲವತ್ತನಾಲ್ಕು ಎಂದು ನಮ್ಮ ಮಕ್ಕಳು ಬಾಯಿಪಾಠದಿಂದ ಹೇಳುತ್ತಾರೆ. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಅಹ್ಮೋಸ್ ಎಂಬ ಈಜಿಪ್ಟಿನ ಲಿಪಿಕಾರ ಇದೇ ಲೆಕ್ಕವನ್ನು ಪಪೈರಸ್ ಹಾಳೆಯ ಮೇಲೆ ಬಿಡಿಸಿಟ್ಟಿದ್ದಾನೆ. ಆದರೆ ಅವನ ಬರವಣಿಗೆಯಲ್ಲಿ ಹನ್ನೆರಡರ ಮಗ್ಗಿಯ ಸುಳಿವೇ ಇಲ್ಲ. ಮೊದಲ ಸಾಲಿನಲ್ಲಿ 1 ಮತ್ತು 12 ಎಂದು ಬರೆದು, ಮುಂದೆ ಎರಡನ್ನೂ ಇಮ್ಮಡಿಸುತ್ತ ಹೋಗುತ್ತಾನೆ: 2ಕ್ಕೆ 24, 4ಕ್ಕೆ 48, 8ಕ್ಕೆ 96. ಬಳಿಕ 4 ಮತ್ತು 8ರ ಸಾಲುಗಳ ಪಕ್ಕದಲ್ಲಿ ಒಂದೊಂದು ಓರೆಗೆರೆ ಎಳೆದು, ಗುರುತು ಹಾಕಿದ ಸಾಲುಗಳಲ್ಲಿರುವ 48 ಮತ್ತು 96ನ್ನು ಕೂಡಿ 144 ಎಂದು ಮುಗಿಸುತ್ತಾನೆ. ನಾಲ್ಕು ಹನ್ನೆರಡುಗಳಿಗೆ ಎಂಟು ಹನ್ನೆರಡುಗಳು ಸೇರಿದರೆ ಹನ್ನೆರಡು ಹನ್ನೆರಡುಗಳು, ವಿಧಾನವೆಲ್ಲ ಇಷ್ಟೇ.

ಈ ಸುರುಳಿಯನ್ನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿ ರಿಂಡ್ 1858ರಲ್ಲಿ ಲಕ್ಸರ್ ಪಟ್ಟಣದಲ್ಲಿ ಕೊಂಡದ್ದರಿಂದ ಅದಕ್ಕೆ ರಿಂಡ್ ಪಪೈರಸ್ ಎಂಬ ಹೆಸರು ನಿಂತಿತು, ಮತ್ತು 1865ರಿಂದ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬರೆದವನ ಹೆಸರು ಹಿಂದೆ ಸರಿದು ಕೊಂಡವನ ಹೆಸರು ಮುಂದೆ ಬಂದದ್ದು ನನಗೆ ಅಷ್ಟೇನೂ ಒಪ್ಪಿಗೆಯಿಲ್ಲದ ಸಂಗತಿ. ಅಹ್ಮೋಸನಾದರೋ ತಾನು ನಕಲು ಮಾಡಿದವನು ಮಾತ್ರ, ಮೂಲ ಪ್ರತಿ ಮೂರನೆಯ ಅಮೆನೆಮ್ಹಾತ್ ದೊರೆಯ ಕಾಲದ್ದು ಎಂದು ಆರಂಭದಲ್ಲೇ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾನೆ.

ಮಕ್ಕಳಿಗೆ ಇದನ್ನು ಕಲಿಸುವಾಗ ಚಿತ್ರಲಿಪಿಯ ಅಂಕೆಗಳಿಂದ ಆರಂಭಿಸುವುದು ಒಳ್ಳೆಯದು. ಒಂದಕ್ಕೆ ಒಂದು ಗೀಟು, ಹತ್ತಕ್ಕೆ ಕಮಾನು, ನೂರಕ್ಕೆ ಸುತ್ತಿದ ಹಗ್ಗ, ಸಾವಿರಕ್ಕೆ ತಾವರೆ, ಹತ್ತು ಸಾವಿರಕ್ಕೆ ಬೆರಳು, ಲಕ್ಷಕ್ಕೆ ಗೊದಮೊಟ್ಟೆ. ಈ ಬರಹದಲ್ಲಿ ಒಂದು ಸಂಖ್ಯೆಯನ್ನು ಇಮ್ಮಡಿಸಬೇಕಾದರೆ ಪ್ರತಿಯೊಂದು ಗುರುತನ್ನೂ ಇನ್ನೊಮ್ಮೆ ಬರೆದು, ಹತ್ತು ಗೀಟುಗಳಾದರೆ ಅವನ್ನು ಅಳಿಸಿ ಒಂದು ಕಮಾನು ಹಾಕಿದರಾಯಿತು. ಹತ್ತರಿಂದ ಗುಣಿಸಬೇಕಾದರೆ ಗೀಟಿನ ಜಾಗದಲ್ಲಿ ಕಮಾನು, ಕಮಾನಿನ ಜಾಗದಲ್ಲಿ ಹಗ್ಗ ಬರೆದರಾಯಿತು. ಇಮ್ಮಡಿಸುವುದೇ ಅವರಿಗೆ ಏಕೆ ಸಲೀಸಾಗಿತ್ತು ಎಂಬುದನ್ನು ಹೀಗೆ ಬರೆಯುತ್ತಿರುವ ಮಗುವಿನ ಕೈಯೇ ಕಂಡುಕೊಳ್ಳುತ್ತದೆ. ಅಹ್ಮೋಸ್ ಬರೆದದ್ದು ಈ ಚಿತ್ರಗಳಲ್ಲಲ್ಲ, ಹೈರಾಟಿಕ್ ಎಂಬ ವೇಗದ ಬರಹದಲ್ಲಿ, ಮತ್ತು ಅದರ ಅಂಕೆಗಳು ಬೇರೆ ಬಗೆಯವು ಎಂಬುದನ್ನೂ ಮುಚ್ಚಿಡದೆ ಹೇಳಬೇಕು.

ಇನ್ನು 13ನ್ನು 27ರಿಂದ ಗುಣಿಸುವ ಲೆಕ್ಕವನ್ನು ತೆಗೆದುಕೊಳ್ಳೋಣ. ಎಡಗಡೆಯ ಸಾಲಿನಲ್ಲಿ 1, 2, 4, 8. ಬಲಗಡೆಯಲ್ಲಿ 27, 54, 108, 216. ಎಡಗಡೆ ಮುಂದಿನ ಸಂಖ್ಯೆ 16 ಆಗಬೇಕಿತ್ತು, ಅದು 13ನ್ನು ಮೀರುವುದರಿಂದ ಇಲ್ಲಿಗೆ ನಿಲ್ಲಿಸಬೇಕು. ಹದಿಮೂರನ್ನು ಎಡಗಡೆಯ ಸಂಖ್ಯೆಗಳಿಂದ ಕಟ್ಟುವಾಗ ಅನೇಕ ಮಕ್ಕಳು ಮೇಲಿನಿಂದ ಶುರುಮಾಡಿ 1, 2, 4 ಎಂದು ಗುರುತು ಹಾಕುತ್ತ ಬಂದು, ಏಳಾದ ಮೇಲೆ ಎಂಟು ಸೇರಿಸಿದರೆ ಹದಿನೈದಾಗುತ್ತದೆ ಎಂದು ತಬ್ಬಿಬ್ಬಾಗುತ್ತಾರೆ. ಕೂಡಲೇ ತಿದ್ದದೆ ಸ್ವಲ್ಪ ಹೊತ್ತು ತಡಕಾಡಲು ಬಿಡುವುದು ಮೇಲು. ಕೆಳಗಿನಿಂದ, ಅಂದರೆ ದೊಡ್ಡ ಸಂಖ್ಯೆಯಿಂದ ಹೊರಟರೆ ತೊಡಕಿಲ್ಲ: 13ರಲ್ಲಿ 8 ಹೋದರೆ 5, ಅದರಲ್ಲಿ 4 ಹೋದರೆ 1. ಗುರುತು ಬಿದ್ದ ಸಾಲುಗಳ 216, 108 ಮತ್ತು 27 ಕೂಡಿದರೆ 351. ಇದೇ ಲೆಕ್ಕವನ್ನು ತಿರುಗಿಸಿ 13ನ್ನು ಇಮ್ಮಡಿಸುತ್ತ ಹೋದರೆ 16ರವರೆಗೆ ಐದು ಸಾಲುಗಳು ಬೇಕು, ನಾಲ್ಕು ಗುರುತುಗಳು ಬೀಳುತ್ತವೆ, ಉತ್ತರ ಮಾತ್ರ ಅದೇ 351. ಯಾವ ಸಂಖ್ಯೆಯನ್ನು ಇಮ್ಮಡಿಸಿದರೆ ಕೆಲಸ ಕಡಿಮೆ ಎಂದು ಮೊದಲೇ ಯೋಚಿಸುವ ಅಭ್ಯಾಸ ಇಲ್ಲಿಂದ ಬೆಳೆಯುತ್ತದೆ.

ಬಹಳ ಕಡೆ ಪಾಠ ಇಲ್ಲಿಗೇ ನಿಂತುಹೋಗುತ್ತದೆ ಮತ್ತು ಈ ವಿಧಾನ ಒಂದು ಚಮತ್ಕಾರವಾಗಿ ಉಳಿದುಬಿಡುತ್ತದೆ. ಕೇಳಬೇಕಾದ ಪ್ರಶ್ನೆಯೇ ಇನ್ನೂ ಬಾಕಿಯಿದೆ: ಯಾವ ಸಂಖ್ಯೆ ಕೊಟ್ಟರೂ 1, 2, 4, 8, 16ರಂಥವುಗಳಿಂದ, ಒಂದನ್ನೂ ಎರಡು ಸಲ ಬಳಸದೆ, ಅದನ್ನು ಕಟ್ಟಬಹುದೆಂದು ಯಾವ ಧೈರ್ಯದಿಂದ ಹೇಳುತ್ತೇವೆ? ಹುಣಸೆ ಬೀಜಗಳನ್ನು 1, 2, 4, 8ರ ಗುಡ್ಡೆಗಳಾಗಿ ಇಟ್ಟುಕೊಂಡರೆ ಉತ್ತರ ಕಣ್ಣಿಗೇ ಕಾಣುತ್ತದೆ. ಹದಿನಾರಕ್ಕಿಂತ ಚಿಕ್ಕದಾದ ಸಂಖ್ಯೆಯಿಂದ, ಸಾಧ್ಯವಿದ್ದರೆ, ಎಂಟನ್ನು ತೆಗೆದಾಗ ಉಳಿಯುವುದು ಎಂಟಕ್ಕಿಂತ ಕಡಿಮೆಯೇ ಆಗಿರುತ್ತದೆ, ಆದ್ದರಿಂದ ಎಂಟರ ಗುಡ್ಡೆ ಮತ್ತೆ ಬೇಕಾಗುವುದಿಲ್ಲ. ಅದರಿಂದ ನಾಲ್ಕನ್ನು ತೆಗೆದರೆ ಉಳಿಯುವುದು ನಾಲ್ಕಕ್ಕಿಂತ ಕಡಿಮೆ. ಹೀಗೆಯೇ ಇಳಿಯುತ್ತ ಶೂನ್ಯ ಮುಟ್ಟಲೇಬೇಕು.

ಕನ್ನಡದ ವಿದ್ಯಾರ್ಥಿಗಳಿಗೆ ಇದರ ಇನ್ನೊಂದು ಮುಖ ವ್ಯಾಕರಣದ ತರಗತಿಯಲ್ಲಿ ಆಗಲೇ ಪರಿಚಯವಾಗಿರುತ್ತದೆ. ಮೂರು ಅಕ್ಷರಗಳಲ್ಲಿ ಪ್ರತಿಯೊಂದೂ ಲಘು ಅಥವಾ ಗುರು ಆಗಬಹುದಾದ್ದರಿಂದ ಯ, ಮ, ತ, ರ, ಜ, ಭ, ನ, ಸ ಎಂಬ ಎಂಟು ಗಣಗಳಾಗುತ್ತವೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾಲ್ಕು ಸಾಲುಗಳಲ್ಲಿ ಪ್ರತಿಯೊಂದಕ್ಕೂ ಗುರುತು ಹಾಕಬಹುದು ಅಥವಾ ಬಿಡಬಹುದು ಎಂದಾಗ ಅದೇ ಎಣಿಕೆಯಿಂದ ಹದಿನಾರು ಬಗೆಗಳಾಗುತ್ತವೆ. ಸೊನ್ನೆಯಿಂದ ಹದಿನೈದರವರೆಗಿನ ಸಂಖ್ಯೆಗಳೂ ಹದಿನಾರೇ. ಪ್ರತಿ ಸಂಖ್ಯೆಯನ್ನೂ ಕಟ್ಟಬಹುದೆಂದು ಬೀಜಗಳಿಂದ ತಿಳಿದಾಗಿದೆಯಾದ್ದರಿಂದ, ಒಂದೊಂದು ಸಂಖ್ಯೆಗೂ ಒಂದೇ ಒಂದು ಬಗೆ ಮೀಸಲಾಗಿದೆ ಎಂಬುದೂ ಇದರಿಂದ ಖಚಿತವಾಗುತ್ತದೆ. ಕಂಪ್ಯೂಟರುಗಳು ಸಂಖ್ಯೆಗಳನ್ನು ಬರೆದುಕೊಳ್ಳುವುದು ಇದೇ ದ್ವಿಮಾನ ಪದ್ಧತಿಯಲ್ಲಿ. ಈಜಿಪ್ಟಿನವರಿಗೆ ಕಂಪ್ಯೂಟರಿನ ಗಣಿತ ಗೊತ್ತಿತ್ತು ಎಂದು ಇದರಿಂದ ಹಿಗ್ಗುವ ಅಗತ್ಯವಿಲ್ಲ. ಅವರು ಸಂಖ್ಯೆಗಳನ್ನು ಬರೆದದ್ದು ಹತ್ತರ ಲೆಕ್ಕದಲ್ಲೇ.

ಅವರು ಇಮ್ಮಡಿಸುವುದಕ್ಕೇ ಅಂಟಿಕೊಂಡಿದ್ದರೆಂದೂ ಅಲ್ಲ. 80ರಿಂದ 1,120ನ್ನು ಪಡೆಯುವ ಒಂದು ಲೆಕ್ಕದಲ್ಲಿ ಅಹ್ಮೋಸ್ ನೇರವಾಗಿ ಹತ್ತಕ್ಕೆ ಜಿಗಿದು 800 ಬರೆದುಕೊಂಡು, 4ಕ್ಕೆ 320 ಸೇರಿಸಿ, ಉತ್ತರ 14 ಎನ್ನುತ್ತಾನೆ. ಭಾಗಾಕಾರವೆಂದರೆ ಅದೇ ಎರಡು ಸಾಲುಗಳನ್ನು ಬಲದಿಂದ ಎಡಕ್ಕೆ ಓದುವುದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಇನ್ನೊಂದು ಕಡೆ 19ನ್ನು 8ರಿಂದ ಭಾಗಿಸುವಾಗ ಇಮ್ಮಡಿಯ ಜೊತೆಗೆ ಅರ್ಧವಾಗಿಸುವುದೂ ಸೇರುತ್ತದೆ: 2ಕ್ಕೆ 16, ಅರೆಗೆ 4, ಕಾಲಿಗೆ 2, ಅರೆಕಾಲಿಗೆ 1. ಹದಿನಾರು, ಎರಡು ಮತ್ತು ಒಂದು ಸೇರಿ ಹತ್ತೊಂಬತ್ತಾದ್ದರಿಂದ ಉತ್ತರ ಎರಡೂಕಾಲು ಮತ್ತು ಅರೆಕಾಲು. ಸೇರು, ಅಚ್ಚೇರು, ಪಾವುಗಳಲ್ಲಿ ಅಕ್ಕಿ ಅಳೆದ ಅಜ್ಜಿಯರು ಮನೆಯಲ್ಲಿದ್ದರೆ ಈ ಉತ್ತರವನ್ನು ಮಕ್ಕಳಿಗೆ ಅವರೇ ಚೆನ್ನಾಗಿ ವಿವರಿಸಬಲ್ಲರು.

ತರಗತಿಯಲ್ಲಿ ತುಂಬ ಮೆಚ್ಚುಗೆ ಪಡೆಯಬಹುದಾದ ಲೆಕ್ಕವೆಂದರೆ ಪಪೈರಸ್ಸಿನ 79ನೆಯದು: 7 ಮನೆಗಳು, 49 ಬೆಕ್ಕುಗಳು, 343 ಇಲಿಗಳು, ಮುಂದೆ ಧಾನ್ಯದ 2,401 ತೆನೆಗಳು, 16,807 ಅಳತೆಗಳು. ಎಲ್ಲವನ್ನೂ ಕೂಡಿದರೆ 19,607. ಪಕ್ಕದಲ್ಲೇ 2,801, ಅದರ ಇಮ್ಮಡಿ 5,602, ಮತ್ತೆ ಇಮ್ಮಡಿ 11,204 ಎಂಬ ಮೂರು ಸಾಲುಗಳಿವೆ. ಅವುಗಳ ಮೊತ್ತವೂ 19,607. ಏಳೆಂದರೆ 1, 2 ಮತ್ತು 4 ಆಗಿರುವುದರಿಂದ ಇಲ್ಲಿ ಯಾವ ಸಾಲನ್ನೂ ಬಿಡಬೇಕಾಗಿಲ್ಲ. 2,801 ಎಲ್ಲಿಂದ ಬಂತೆಂದು ಅಹ್ಮೋಸ್ ಹೇಳಿಲ್ಲ, ಅದನ್ನು ಮಕ್ಕಳೇ ಹುಡುಕಲಿ.

ಈ ವಿಧಾನ ಎಡವುವುದು ಭಿನ್ನರಾಶಿಗಳಲ್ಲಿ. ಮೂರನೆಯ ಎರಡಂಶವೊಂದನ್ನು ಬಿಟ್ಟರೆ, ಈಜಿಪ್ಟಿನವರು ಈ ಲೆಕ್ಕಗಳಲ್ಲಿ ಬರೆದದ್ದು ಅಂಶದಲ್ಲಿ ಒಂದೇ ಇರುವ ಭಿನ್ನರಾಶಿಗಳನ್ನು. 1/8ನ್ನು ಇಮ್ಮಡಿಸಿದರೆ 1/4 ಎಂದು ಥಟ್ಟನೆ ಹೇಳಬಹುದು. 1/5ನ್ನು ಇಮ್ಮಡಿಸಿದರೆ ಏನು ಬರೆಯುವುದು? 2/5 ಎಂಬ ಬರಹವೇ ಅವರಲ್ಲಿರಲಿಲ್ಲ. ಅದಕ್ಕೆಂದೇ ಸುರುಳಿಯ ಆರಂಭದಲ್ಲಿ 3ರಿಂದ 101ರವರೆಗಿನ ಪ್ರತಿಯೊಂದು ಬೆಸ ಸಂಖ್ಯೆಗೂ ಉತ್ತರವನ್ನು ಮೊದಲೇ ಬಿಡಿಸಿಟ್ಟ ಪಟ್ಟಿಯಿದೆ, ಅದರಲ್ಲಿ 2/5 ಎಂದರೆ 1/3 ಮತ್ತು 1/15. ಆರು ರೊಟ್ಟಿಗಳನ್ನು ಹತ್ತು ಜನರಿಗೆ ಹಂಚಿದರೆ ತಲಾ ಅರ್ಧ ಮತ್ತು ಹತ್ತನೆಯ ಒಂದು ತುಂಡು ಬರುತ್ತದೆ ಎಂದು ಹೇಳಿ, ಅಹ್ಮೋಸ್ ಆ ಪಾಲನ್ನು ಇಮ್ಮಡಿಸುತ್ತ ಹೋಗಿ, 2 ಮತ್ತು 8ರ ಸಾಲುಗಳನ್ನು ಕೂಡಿ, ಸರಿಯಾಗಿ ಆರು ರೊಟ್ಟಿಗಳು ಹಿಂತಿರುಗುವುದನ್ನು ತೋರಿಸುತ್ತಾನೆ. ದಾರಿಯಲ್ಲಿ ಅವನಿಗೆ ಎರಡು ಸಲ ಆ ಪಟ್ಟಿ ಬೇಕಾಗುತ್ತದೆ, ಒಮ್ಮೆ 2/5ಕ್ಕೆ, ಇನ್ನೊಮ್ಮೆ 2/15ಕ್ಕೆ. ಮಗ್ಗಿಯ ಕಾಟವಿಲ್ಲದ ಮಕ್ಕಳೆಂದು ಈಜಿಪ್ಟಿನವರನ್ನು ಕಂಡು ಅಸೂಯೆಪಡುವ ಹುಡುಗನಿಗೆ ಈ ಐವತ್ತು ಸಾಲುಗಳ ಪಟ್ಟಿಯನ್ನು ತೋರಿಸಬಹುದು. ಅವರ ಎರಡರ ಮಗ್ಗಿ ಅಷ್ಟು ಉದ್ದವಾಗಿತ್ತು.