ಪಾಯ ತೋಡುವ ಮೊದಲೇ ಅಜ್ಜಿ ಒಳಗೆ ಹೋಗಿ ನೋಡಲಿ

ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಜಾಗದೊಳಗೇ ಇದ್ದಂತೆ ತೋರಿಸುವ ಕನ್ನಡಕ, ಅಂದ ಕೂಡಲೇ ಹುಡುಗರ ಗೇಮ್ ನೆನಪಾಗುತ್ತದೆ. ಎಪ್ಪತ್ತು ದಾಟಿದವರ ಕಣ್ಣಿಗೆ ಅದನ್ನು ಕಟ್ಟುವುದು ಸುಮ್ನೆ ದುಡ್ಡು ದಂಡ ಅನ್ನುವವರೇ ಜಾಸ್ತಿ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ವೃದ್ಧಾಶ್ರಮವನ್ನೋ ಆರೈಕೆ ಕೇಂದ್ರವನ್ನೋ ಕಟ್ಟುವಾಗ ಈ ಉಪಕರಣ ಮೊದಲು ಹೋಗಬೇಕಾದದ್ದೇ ಅವರ ಕೈಗೆ.

ಈಗ ಹೇಗೆ ನಡೆಯುತ್ತದೆ? ಎಂಜಿನಿಯರು ನಕ್ಷೆ ತರುತ್ತಾರೆ, ಟ್ರಸ್ಟಿನವರು ನೋಡಿ ಸಹಿ ಹಾಕುತ್ತಾರೆ. ಅಲ್ಲಿ ಇರಬೇಕಾದ ಹಿರಿಯರನ್ನು ಕೇಳಿದರೆ "ನೀವ್ ಹೆಂಗಂತೀರಿ ಹಂಗ್ರೀ" ಅಂತಾರೆ. ಅವರಿಗೆ ಹೇಳಲು ಏನೂ ಇಲ್ಲ ಅಂತಲ್ಲ. ಗೆರೆ ನೋಡಿ ಕೋಣೆಯನ್ನು ಊಹಿಸುವುದು ಓದಿದವರಿಗೂ ಸುಲಭವಲ್ಲ. ಅದೇ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಕೋಣೆಯಾಗಿಸಿ ಈ ಕನ್ನಡಕದಲ್ಲಿ ತೋರಿಸಿದರೆ, ಕಟ್ಟುವ ಮೊದಲೇ ಒಳಗೆ ಕೂತು ನೋಡಿದಂತಾಗುತ್ತದೆ.

ಈ ಕನ್ನಡಕದ ಮೂಲ ಗುಟ್ಟು ಹಳೆಯದು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ. ಹಾಗಾಗಿ ಎರಡೂ ಕಣ್ಣಿಗೆ ಕಾಣುವ ಚಿತ್ರ ಕೊಂಚ ಬೇರೆ. ಆ ವ್ಯತ್ಯಾಸದಿಂದಲೇ ಮೆದುಳು ಆಳವನ್ನು ಅಳೆಯುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಎರಡು ಕನ್ನಡಿ, ಎರಡು ರೇಖಾಚಿತ್ರ ಇಟ್ಟು ತೋರಿಸಿದರು. ಆಗ ಫೋಟೋಗ್ರಫಿಯ ಸುದ್ದಿಯೇ ಇನ್ನೂ ಹೊರಬಿದ್ದಿರಲಿಲ್ಲ! 1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವಾನ್ ಸದರ್ಲೆಂಡ್ ತಲೆ ತಿರುಗಿಸಿದಂತೆ ಚಿತ್ರವೂ ಬದಲಾಗುವ ಯಂತ್ರ ಮಾಡಿದರು. ಅದನ್ನು ಚಾವಣಿಗೆ ಜೋಡಿಸಿಯೇ ಬಳಸಬೇಕಿತ್ತು. ತಲೆ ತಿರುಗಿದ ಸುಮಾರು 20 ಮಿಲಿಸೆಕೆಂಡಿನೊಳಗೆ ಚಿತ್ರ ಬದಲಾಗಬೇಕು. ತಡವಾದರೆ ಕಣ್ಣು ಹೇಳುವುದು ಒಂದು, ತಲೆಯ ಚಲನೆಯನ್ನು ಗುರುತಿಸುವ ಒಳಕಿವಿ ಹೇಳುವುದು ಇನ್ನೊಂದು. ಆಗ ವಾಕರಿಕೆ ಶುರು. ಮೈ ಅಲುಗದೆ, ಬಟನ್ ಒತ್ತಿ ದೃಶ್ಯದೊಳಗೆ ಮುಂದೆ ಸಾಗಿಸಿದರೂ ಅದೇ ಪಾಡು. ಅದಕ್ಕೇ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ನಿಧಾನಕ್ಕೆ ತಲೆ ತಿರುಗಿಸಿ ನೋಡಲು ಬಿಡಬೇಕು.

ಆದರೆ ನನಗೆ ತೀರಾ ಇಷ್ಟವಾದ ಸಂಗತಿ ಕನ್ನಡಕದಲ್ಲಿಲ್ಲ, ನೋಡುವವರ ಕಣ್ಣಿನಲ್ಲಿದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಅರವತ್ತರವರ ಅಕ್ಷಿಪಟಲಕ್ಕೆ, ಅಂದರೆ ಕಣ್ಣಿನ ಹಿಂಭಾಗದ ಪರದೆಗೆ, ತಲುಪುವ ಬೆಳಕು ಇಪ್ಪತ್ತರವರಿಗೆ ಸಿಗುವುದರ ಮೂರನೇ ಒಂದು ಭಾಗದಷ್ಟು ಮಾತ್ರ. ಕಡುನೀಲಿ ಕಪ್ಪಾಗಿಯೇ ಕಾಣುತ್ತದೆ. ಬಿಳಿ ಟೈಲ್ಸಿನ ಮೇಲೆ ಬಿಳಿ ಕಮೋಡ್ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಮೂವತ್ತರ ಎಂಜಿನಿಯರಿಗೂ ಎಂಬತ್ತರ ಅಜ್ಜಿಗೂ ಅದೇ ಕೋಣೆಯನ್ನೇ ತೋರಿಸಿ. ಎಂಜಿನಿಯರಿಗೆ ಕಾಣದ ತೊಡಕು ಅಜ್ಜಿಗೆ ಅಲ್ಲೇ ಕಾಣುತ್ತದೆ, ಯಾಕಂದರೆ ಅವರು ನೋಡುತ್ತಿರುವುದು ತಮ್ಮದೇ ಕಣ್ಣಿನಿಂದ.

ನಮ್ಮ ಬಾಗಲಕೋಟೆ ಕಡೆ ಹೊಸ ಮನೆಗಳಿಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿ ಮಿರಿಮಿರಿ ಪಾಲಿಶ್ ಮಾಡಿಸುತ್ತಾರೆ. ಬಾಗಿಲ ಬಳಿ ಚೆಂದಕ್ಕೆ ಒಂದು ಕಪ್ಪು ಪಟ್ಟಿ. ಒಂದು ಗೃಹಪ್ರವೇಶದಲ್ಲಿ ನಮ್ಮ ಸೋದರತ್ತೆ ಆ ಪಟ್ಟಿಯ ಮುಂದೆ ಗಕ್ಕನೆ ನಿಂತರು. ಗೋಡೆ ಹಿಡಿದು, ಕಾಲ ತುದಿಯಿಂದ ನೆಲ ಮುಟ್ಟಿ ನೋಡಿ, "ಇಲ್ಲೊಂದು ಪಾವಟಿಗಿ ಐತೇನೋ ತಮ್ಮಾ?" ಅಂದರು. ಪಾವಟಿಗೆ, ಅಂದರೆ ಮೆಟ್ಟಿಲು, ಎಲ್ಲಿಂದ ಬರಬೇಕು, ನೆಲ ಸಪಾಟಾಗಿತ್ತು. ಮರೆವಿನ ಕಾಯಿಲೆ ಇರುವವರಿಗಂತೂ ಅಂಥ ಕಪ್ಪು ಪಟ್ಟಿ ಗುಂಡಿಯಂತೆಯೇ ಕಾಣಬಹುದು. ಹೊಳೆಯುವ ನೆಲ ಒದ್ದೆಯಾದಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಆ ಪಟ್ಟಿಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಅಳಿಸಬಹುದು. ಹಾಸಿದ ಮೇಲೆ ಒಡೆಯಬೇಕು.

ಎಲ್ಲಿ ಕೂರಬೇಕು ಅನ್ನುವುದೂ ಸಣ್ಣ ಮಾತಲ್ಲ. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೇ ಊರು ಬಿಟ್ಟು ಬಾಗಲಕೋಟೆಯ ನವನಗರದ ಸೆಕ್ಟರುಗಳಿಗೆ ಬಂದ ಹಿರಿಯರ ಜೊತೆ ಮಾತಾಡಿ ನೋಡಿ. ಮನೆ ಮುಂದಿನ ಕಟ್ಟೆಯ ಸುದ್ದಿ ಬಂದೇ ಬರುತ್ತದೆ. ಆಶ್ರಮ ಕಟ್ಟುವವರು ಪ್ರಶಾಂತವಾಗಿರಲಿ ಅಂತ ಬೆಂಚುಗಳನ್ನು ಹಿಂದಿನ ತೋಟದಲ್ಲಿ ಹಾಕಿಸುತ್ತಾರೆ. ಮಂದಿ ಅಡ್ಡಾಡುವುದು ಕಾಣದ ಜಾಗ ಹಿರಿಯರಿಗೆ ಯಾಕೆ ಬೇಕು? ಕನ್ನಡಕದಲ್ಲಿ ಒಮ್ಮೆ ತೋಟದಲ್ಲಿ, ಒಮ್ಮೆ ಗೇಟಿನ ಬಳಿ ಕೂರಿಸಿ ಕೇಳಿದರೆ ಆಯ್ತು, ಅಲ್ವಾ? ಗಾಲಿಕುರ್ಚಿಯವರಿಗೆ ತೋರಿಸುವಾಗ ನೋಟದ ಎತ್ತರವನ್ನು ಸುಮಾರು 4 ಅಡಿಗೆ ಇಳಿಸಬೇಕು. ಕಿಟಕಿ ಕಟ್ಟೆ ಎತ್ತರವಾದರೆ ಬೀದಿ ಕಾಣುವುದಿಲ್ಲ ಅನ್ನುವುದು ಆಗ ತಿಳಿಯುತ್ತದೆ.

ಇದರಿಂದ ಎಲ್ಲವೂ ಗೊತ್ತಾಗುವುದಿಲ್ಲ. ಬಾಗಿಲು ಎಷ್ಟು ಭಾರ, ಹಿಡಿಕೆ ಮುಷ್ಟಿಗೆ ಸಿಗುತ್ತದೋ ಇಲ್ಲವೋ, ಇದನ್ನೆಲ್ಲ ಚಿತ್ರ ಹೇಳಲಾರದು. ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲಿನ ಪ್ರಖರತೆ ಆ ಪುಟ್ಟ ಪರದೆಗೆ ಬಾರದು. ಆದ್ದರಿಂದ ನೆಲಕ್ಕೆ ಹಾಸಬೇಕೆಂದಿರುವ ಕಲ್ಲಿನ ನಾಲ್ಕು ತುಂಡು ತಂದು ಅಂಗಳದಲ್ಲಿ ಹಾಸಿ, ನೀರು ಚಿಮುಕಿಸಿ. ಪಕ್ಕದಲ್ಲಿ ಒಬ್ಬರು ತೋಳು ಹಿಡಿದುಕೊಳ್ಳಲಿ, ಹಿರಿಯರು ಅದರ ಮೇಲೆ ಚಪ್ಪಲಿ ಹಾಕಿಕೊಂಡೇ ಹೆಜ್ಜೆ ಇಟ್ಟು ನೋಡಲಿ. ಅವರು ಬೇಡ ಅಂದ ಕಲ್ಲಿಗೆ ಆರ್ಡರ್ ಕೊಡಬೇಡಿ.