ಓದುಗರ ಪ್ರಶ್ನೆ: ಧ್ಯಾನದಲ್ಲಿ ಮನಸ್ಸನ್ನು ಗಮನಿಸುವ ‘ನಾನು’ ಆತ್ಮವೇ?

ಪ್ರಶ್ನೆ: ಧ್ಯಾನಕ್ಕೆ ಕುಳಿತಾಗ ಯೋಚನೆಗಳು ಬಂದುಹೋಗುವುದನ್ನು ನಾನು ನೋಡುತ್ತಿರುತ್ತೇನೆ. ಹೀಗೆ ನೋಡುವ ‘ನಾನು’ ಎಂಬುದೇ ಆತ್ಮವೇ?

ಉತ್ತರ: ಪತಂಜಲಿಯ ಯೋಗಸೂತ್ರಗಳ ಪ್ರಕಾರ ಅಲ್ಲ. ಆದರೆ ಆ ‘ನಾನು’ ಆತ್ಮವೇ ಎನ್ನುವಷ್ಟು ಅದನ್ನು ಹೋಲುವುದರಿಂದ ನಿಮ್ಮ ಪ್ರಶ್ನೆ ಸಹಜವಾದುದು.

ಬೆಳಗಿನ ಜಾವ ಉಸಿರಿನ ಮೇಲೆ ಗಮನವಿಟ್ಟು ಕುಳಿತಿದ್ದೀರಿ. ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ. ತಿಂಡಿಗೆ ಏನು ಮಾಡುತ್ತಿದ್ದಾರೋ ಎಂಬ ಯೋಚನೆ ಸುಳಿಯುತ್ತದೆ. ಮರುಗಳಿಗೆಯಲ್ಲೇ ‘ಮನಸ್ಸು ಓಡಿತು, ನಾನು ನೋಡಿದೆ’ ಎಂಬ ಎಚ್ಚರ ಮೂಡುತ್ತದೆ. ಈ ಎಚ್ಚರವನ್ನೇ ಪರಿಶೀಲಿಸಿ. ಅದರಲ್ಲಿ ಮಾತಿದೆ, ಹಿಂದಿನ ಕ್ಷಣದ ನೆನಪಿದೆ, ತುಸು ಬೇಸರವೂ ಇದೆ, ಮತ್ತು ಅದೂ ಬೇಗನೆ ಕರಗಿಹೋಗುತ್ತದೆ. ಹುಟ್ಟಿ ಅಳಿಯುವುದರಿಂದ ಅದೂ ಚಿತ್ತದ ಒಂದು ವೃತ್ತಿಯೇ, ಅಂದರೆ ಮನಸ್ಸಿನಲ್ಲಿ ಏಳುವ ಒಂದು ಅಲೆಯೇ, ಹೊರತು ನೋಡುವವನಲ್ಲ. ನೋಡುವ ಶಕ್ತಿಯೂ ನೋಡಲು ಸಾಧನವಾದ ಬುದ್ಧಿಯೂ ಒಂದೇ ಎಂಬಂತೆ ತೋರುವ ಈ ಬೆಸುಗೆಯನ್ನು ಪತಂಜಲಿ ಯೋಗಸೂತ್ರಗಳ ಎರಡನೆಯ ಪಾದದಲ್ಲಿ (ಅಧ್ಯಾಯದಲ್ಲಿ) ‘ಅಸ್ಮಿತೆ’ ಎಂದು ಕರೆದು, ದುಃಖಕ್ಕೆ ಮೂಲವಾದ ಐದು ಕ್ಲೇಶಗಳಲ್ಲಿ ಅವಿದ್ಯೆಯ ನಂತರ ಇರಿಸಿದ್ದಾರೆ.

ಯೋಗಕ್ಕೆ ತಳಹದಿಯಾದ ಸಾಂಖ್ಯದರ್ಶನವು ಎಣಿಸುವ 25 ತತ್ತ್ವಗಳಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಮೂರೂ ಮಣ್ಣು ನೀರುಗಳಂತೆ ಪ್ರಕೃತಿಯ, ಅಂದರೆ ಜಡದ, ಪಾಲಿಗೇ ಸೇರುತ್ತವೆ, ಪುರುಷನೊಬ್ಬನೇ, ಅಂದರೆ ಆತ್ಮವೊಂದೇ, ಬೇರೆ. ಮನಸ್ಸನ್ನು ಆತ್ಮದ ಒಳಮನೆ ಎಂದು ಭಾವಿಸಿದವರಿಗೆ ಈ ವಿಂಗಡಣೆ ವಿಚಿತ್ರವೆನಿಸಬಹುದು, ಆದರೆ ಇಡೀ ದರ್ಶನದ ಕೀಲು ಇರುವುದು ಇಲ್ಲಿಯೇ. ‘ದ್ರಷ್ಟಾ ದೃಶಿಮಾತ್ರಃ’ ಎಂಬ ಸೂತ್ರದಂತೆ ಪುರುಷನು ನೋಡುವ ಕೆಲಸ ಮಾಡುವವನಲ್ಲ, ಕೇವಲ ಅರಿವು. ಅವನು ಬದಲಾಗದವನಾದ್ದರಿಂದಲೇ ಚಿತ್ತದ ವೃತ್ತಿಗಳು ಅವನಿಗೆ ಸದಾ ತಿಳಿದಿರುತ್ತವೆ ಎನ್ನುತ್ತದೆ ನಾಲ್ಕನೆಯ ಪಾದ. ಗಾಢನಿದ್ರೆಯನ್ನೂ ಪತಂಜಲಿ ಐದು ವೃತ್ತಿಗಳಲ್ಲಿ ಒಂದೆಂದು ಎಣಿಸಿರುವುದು ನನಗೆ ಅತ್ಯಂತ ಸೂಕ್ಷ್ಮವಾದ ಮಾತೆನಿಸುತ್ತದೆ: ಎದ್ದ ಮೇಲೆ ‘ಸುಖವಾಗಿ ಮಲಗಿದ್ದೆ’ ಎಂದು ನೆನೆಯುತ್ತೇವೆಂದರೆ, ಆ ಶೂನ್ಯವೂ ಯಾರಿಗೋ ತೋರಿರಲೇಬೇಕಲ್ಲವೇ?

ಧ್ಯಾನವು ಆತ್ಮವನ್ನು ಎಲ್ಲಿಂದಲೋ ತಂದುಕೊಡುವುದಿಲ್ಲ. ಅರಿವು ಒಂದೇ ವಿಷಯದಲ್ಲಿ ಎಡೆಬಿಡದೆ ಹರಿಯುವುದೇ ಧ್ಯಾನ. ಅದು ಸಮಾಧಿಯಾಗಿ ಬಲಿತು, ವೃತ್ತಿಗಳು ಅಡಗಿದಾಗ, ದ್ರಷ್ಟೃವು, ಅಂದರೆ ನೋಡುವ ಆತ್ಮವು, ತನ್ನ ಸ್ವರೂಪದಲ್ಲಿ ನಿಲ್ಲುತ್ತದೆ.

ಇಲ್ಲಿ ಹೇಳಿದ್ದು ಯೋಗದರ್ಶನದ ನಿಲುವು ಮಾತ್ರ. ಸಾಂಖ್ಯ ಯೋಗಗಳಿಗೆ ಪುರುಷರು ಅನೇಕರು. ಅದ್ವೈತಕ್ಕೆ ಆತ್ಮ ಒಂದೇ, ಅದೇ ಬ್ರಹ್ಮ. ಮಧ್ವಮತದಲ್ಲಿ ಜೀವರು ಅನೇಕರಾದರೂ ಹರಿಗೆ ಅಧೀನರು.