ಕೂಡಿ ಕಳೆಯುವ ಲೆಕ್ಕ: ಪ್ರಶಾಂತ್ ಕಿಶೋರ್ ವೃತ್ತಿಯ ಮೂಲಕ ಚುನಾವಣಾ ತಂತ್ರದ ಅಧ್ಯಯನ

ಬಿಹಾರದ 2014ರ ಲೋಕಸಭಾ ಫಲಿತಾಂಶವನ್ನು ಮೊದಲು ಹಾಳೆಯ ಮೇಲೆ ಬರೆದುಕೊಳ್ಳಿ. ಬಿಜೆಪಿ ಶೇ 29.4, ಅದರ ಮಿತ್ರಪಕ್ಷಗಳಾದ ಎಲ್‌ಜೆಪಿ ಶೇ 6.4, ಆರ್‌ಎಲ್‌ಎಸ್‌ಪಿ ಶೇ 3. ಮೂರೂ ಸೇರಿ ಶೇ 38.8. ಎದುರುಗಡೆ ಲಾಲೂ ಪ್ರಸಾದರ ಆರ್‌ಜೆಡಿ ಶೇ 20.1, ನಿತೀಶ್ ಕುಮಾರರ ಜೆಡಿಯು ಶೇ 15.8, ಕಾಂಗ್ರೆಸ್ ಶೇ 8.4. ಜೆಡಿಯು ಬೇರೆಯಾಗಿ ನಿಂತಿದ್ದರಿಂದ 40ರಲ್ಲಿ 31 ಸ್ಥಾನ ಬಿಜೆಪಿ ನೇತೃತ್ವದ ಮೈತ್ರಿಕೂಟವಾದ ಎನ್‌ಡಿಎ ಪಾಲಾಯಿತು. ಈಗ ಎದುರುಗಡೆಯ ಈ ಮೂರನ್ನೂ ಕೂಡಿ ನೋಡಿ: ಶೇ 44.3. ಮುಂದಿನ ವರ್ಷದ ವಿಧಾನಸಭಾ ಚುನಾವಣೆಯ ಉತ್ತರ ಅರ್ಧದಷ್ಟು ಇಲ್ಲೇ ಇದೆ. ಉಳಿದರ್ಧ, ಅಂದರೆ ಹಾಳೆಯ ಮೇಲೆ ಕೂಡಿದ ಮತ ಮತಯಂತ್ರದಲ್ಲೂ ಕೂಡುವಂತೆ ನೋಡಿಕೊಳ್ಳುವುದೇ ತಂತ್ರಗಾರನ ಕೆಲಸ. ಚುನಾವಣಾ ತಂತ್ರಗಾರ ಪ್ರಶಾಂತ್ ಕಿಶೋರ್ ಅವರ ಗೆಲುವು, ಸೋಲು ಎರಡನ್ನೂ ಈ ಒಂದು ಕಣ್ಣಿನಿಂದ ಓದಿದರೆ ಬಹಳಷ್ಟು ಗೋಜಲು ತಿಳಿಯಾಗುತ್ತದೆ.

ವೃತ್ತಿಯ ಹಾದಿ

ಕಿಶೋರ್ ಬಿಹಾರದವರು. ವಿಶ್ವಸಂಸ್ಥೆಯ ಸಾರ್ವಜನಿಕ ಆರೋಗ್ಯ ಕಾರ್ಯಕ್ರಮದಲ್ಲಿದ್ದವರು 2011ರಲ್ಲಿ ಗುಜರಾತಿಗೆ ಬಂದು ಆಗಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರ ತಂಡ ಸೇರಿದರು. 2013ರಲ್ಲಿ ಸಿಟಿಜನ್ಸ್ ಫಾರ್ ಅಕೌಂಟೆಬಲ್ ಗವರ್ನೆನ್ಸ್ ಹುಟ್ಟಿತು. 2014ರ ‘ಚಾಯ್ ಪೆ ಚರ್ಚಾ’ ಮತ್ತು 3ಡಿ ಹೊಲೋಗ್ರಾಂ ಸಭೆಗಳ ಹಿಂದಿದ್ದದ್ದು ಈ ತಂಡ. ಚುನಾವಣೆ ಮುಗಿದ ಮೇಲೆ ಅದೇ ಬಳಗ ಐ-ಪ್ಯಾಕ್ ಎಂಬ ಚುನಾವಣಾ ಸಲಹಾ ಸಂಸ್ಥೆಯಾಯಿತು. ಬಳಿಕ 2015ರಲ್ಲಿ ಬಿಹಾರ (ನಿತೀಶ್–ಲಾಲೂ ಮೈತ್ರಿ), 2017ರಲ್ಲಿ ಪಂಜಾಬ್ ಮತ್ತು ಉತ್ತರ ಪ್ರದೇಶ (ಎರಡೂ ಕಡೆ ಕಾಂಗ್ರೆಸ್), 2019ರಲ್ಲಿ ಆಂಧ್ರ (ವೈಎಸ್ಆರ್ ಕಾಂಗ್ರೆಸ್), 2020ರಲ್ಲಿ ದೆಹಲಿ (ಆಮ್ ಆದ್ಮಿ), 2021ರಲ್ಲಿ ಪಶ್ಚಿಮ ಬಂಗಾಳ (ತೃಣಮೂಲ) ಮತ್ತು ತಮಿಳುನಾಡು (ಡಿಎಂಕೆ). ನಡುವೆ 2018ರಲ್ಲಿ ಜೆಡಿಯು ಉಪಾಧ್ಯಕ್ಷರಾಗಿ 2020ರ ಜನವರಿಯಲ್ಲಿ ಉಚ್ಚಾಟನೆಗೊಂಡರು. 2021ರ ಮೇ 2ರಂದು, ಬಂಗಾಳದ ಎಣಿಕೆಯ ದಿನವೇ, ಈ ಕೆಲಸ ಬಿಡುವುದಾಗಿ ಹೇಳಿದರು.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಪಕ್ಷಗಳ ವೈವಿಧ್ಯ. ಸಿದ್ಧಾಂತ ಯಾವುದಾದರೂ ಆಗಬಹುದು, ಆದರೆ ಗೆದ್ದ ಕಡೆಯಲ್ಲೆಲ್ಲ ಗುರುತಿಸಬಲ್ಲ ಒಬ್ಬ ನಾಯಕ ಮತ್ತು ಮೊದಲೇ ಇದ್ದ ಗಟ್ಟಿ ಮತಬುಡ (ಖಾಯಂ ಬೆಂಬಲಿಗರ ಮತ) ಎರಡೂ ಇದ್ದವು. ತಂತ್ರಗಾರ ಮತಬುಡವನ್ನು ಸೃಷ್ಟಿಸುವುದಿಲ್ಲ, ಅದರ ಮೇಲೆ ಕಟ್ಟುತ್ತಾನೆ. 2025ರ ಬಿಹಾರ ಚುನಾವಣೆ ಇದಕ್ಕೆ ಅತ್ಯಂತ ಕಠಿಣ ಪುರಾವೆ. 2022ರ ಅಕ್ಟೋಬರ್ 2ರಿಂದ ಪಾದಯಾತ್ರೆ ನಡೆಸಿ ಕಟ್ಟಿದ ಜನ ಸುರಾಜ್ ಪಕ್ಷ 238 ಕ್ಷೇತ್ರಗಳಲ್ಲಿ ಸ್ಪರ್ಧಿಸಿ ಒಂದನ್ನೂ ಗೆಲ್ಲಲಿಲ್ಲ. ಬಹುತೇಕ ಅಭ್ಯರ್ಥಿಗಳ ಠೇವಣಿ ಹೋಯಿತು. ಮನುಷ್ಯ ಅವರೇ, ವಿಧಾನವೂ ಹೆಚ್ಚು ಕಡಿಮೆ ಅದೇ. ಬುಡ ಮಾತ್ರ ಇರಲಿಲ್ಲ.

ಬಿಹಾರ ಮತ್ತು ಉತ್ತರ ಪ್ರದೇಶ: ಜೋಡಿಯಾಗಿ ಓದಬೇಕಾದ ಪಾಠ

2015ರಲ್ಲಿ ಲಾಲೂ ಮತ್ತು ನಿತೀಶ್ ಒಂದಾದರು. ಎರಡು ಪಕ್ಷಗಳಿಗೂ 101, ಕಾಂಗ್ರೆಸ್ಸಿಗೆ 41 ಸ್ಥಾನ. ಎರಡು ದಶಕ ಪರಸ್ಪರ ಹೊಡೆದಾಡಿದ ಕಾರ್ಯಕರ್ತರು ಒಬ್ಬರ ಚಿಹ್ನೆಗೆ ಇನ್ನೊಬ್ಬರು ಮತ ಹಾಕಿಸಬೇಕಿತ್ತು. ಅದಕ್ಕಾಗಿ ಪ್ರಚಾರವನ್ನು ಒಂದೇ ಮುಖಕ್ಕೆ ಕಟ್ಟಲಾಯಿತು: ‘ಬಿಹಾರ್ ಮೇ ಬಹಾರ್ ಹೋ, ನಿತೀಶೆ ಕುಮಾರ್ ಹೋ’ (ಬಿಹಾರದಲ್ಲಿ ವಸಂತ ಬರಲಿ, ನಿತೀಶ್ ಕುಮಾರರೇ ಇರಲಿ). ನಲ್ಲಿ ನೀರು, ವಿದ್ಯುತ್, ಶೌಚಾಲಯ, ವಿದ್ಯಾರ್ಥಿ ಸಾಲದ ಕಾರ್ಡ್ ಮುಂತಾದ ಏಳು ಭರವಸೆಗಳು ‘ಸಾತ್ ನಿಶ್ಚಯ್’ ಆದವು. ಮೋದಿಯವರು ನಿತೀಶರ ಡಿಎನ್‌ಎ ಬಗ್ಗೆ ಆಡಿದ ಮಾತನ್ನು ಇಡೀ ಬಿಹಾರಿಗಳಿಗೆ ಆದ ಅವಮಾನವಾಗಿ ತಿರುಗಿಸಿ, ಜನರಿಂದಲೇ ಕೂದಲಿನ ಮಾದರಿ ಕಳಿಸುವ ಅಭಿಯಾನ ನಡೆಯಿತು. ಫಲಿತಾಂಶ: ಮಹಾಮೈತ್ರಿ ಶೇ 41.9, 243ರಲ್ಲಿ 178. ಎನ್‌ಡಿಎ ಶೇ 34.1, 58. ಒಂದು ಸೂಕ್ಷ್ಮ ಬಿಡಬೇಡಿ: ಕಾಗದದ ಶೇ 44.3 ಇಲ್ಲಿ 41.9ಕ್ಕೆ ಇಳಿದಿದೆ. ಗೆದ್ದ ಮೈತ್ರಿಯಲ್ಲೂ ಮತ ಸೋರುತ್ತದೆ. ಮೈತ್ರಿಯ ಲೆಕ್ಕ ಹಾಕುವಾಗ ಸೋರಿಕೆಗೆ ಜಾಗ ಬಿಟ್ಟೇ ಹಾಕಬೇಕು.

ಈಗ ಉತ್ತರ ಪ್ರದೇಶ. 2014ರಲ್ಲಿ ಬಿಜೆಪಿ ಶೇ 42ರ ಮೇಲಿತ್ತು. ಸಮಾಜವಾದಿ ಶೇ 22, ಕಾಂಗ್ರೆಸ್ ಶೇ 7.5, ಕೂಡಿದರೂ 30 ಮುಟ್ಟುವುದಿಲ್ಲ. ಅಂದರೆ ಇಲ್ಲಿ ಮೈತ್ರಿಯ ಕೂಡಿಕೆ ಸಾಲದು, ಎದುರಾಳಿಯ ಬುಡದಿಂದಲೇ ಮತ ಕೀಳಬೇಕಿತ್ತು. ಕಿಶೋರ್ ಕೆಲಸ ಮಾಡುತ್ತಿದ್ದ ಕಾಂಗ್ರೆಸ್ ಹಿಡಿದ ಹಾದಿ ನೋಡಿ. 2016ರ ಮಧ್ಯದಲ್ಲಿ ಶೀಲಾ ದೀಕ್ಷಿತ್ ಮುಖ್ಯಮಂತ್ರಿ ಅಭ್ಯರ್ಥಿ. ‘27 ಸಾಲ್, ಯುಪಿ ಬೇಹಾಲ್’ (27 ವರ್ಷ, ಯುಪಿ ದುಸ್ಥಿತಿಯಲ್ಲಿ) ಎಂಬ ಘೋಷಣೆ. ಆ 27 ವರ್ಷಗಳಲ್ಲಿ ಸಮಾಜವಾದಿ ಆಳಿಕೆಯೂ ಸೇರಿತ್ತು. ಸೆಪ್ಟೆಂಬರ್‌ನಲ್ಲಿ ದೇವರಿಯಾದಿಂದ ರೈತರನ್ನು ಹಗ್ಗದ ಮಂಚದ ಮೇಲೆ ಕೂರಿಸಿ ಮಾತಾಡುವ ‘ಖಾಟ್ ಸಭಾ’ ಶುರು; ಸಭೆ ಮುಗಿಯುತ್ತಿದ್ದಂತೆ ಜನ ಹಗ್ಗದ ಮಂಚಗಳನ್ನೇ ಮನೆಗೆ ಹೊತ್ತೊಯ್ದರು, ಸುದ್ದಿಯಾದದ್ದು ರೈತರ ಸಾಲವಲ್ಲ, ಮಂಚ. 2017ರ ಜನವರಿಯಲ್ಲಿ ಅದೇ ಸಮಾಜವಾದಿ ಪಕ್ಷದೊಂದಿಗೆ ಮೈತ್ರಿ. ಆರು ತಿಂಗಳು ಯಾರನ್ನು ಬೈದರೋ ಅವರಿಗೇ ಮತ ಕೇಳುವ ಸ್ಥಿತಿ. ಕಾಂಗ್ರೆಸ್ 403ರಲ್ಲಿ 7 ಗೆದ್ದಿತು. ಮಂಚದ ಪ್ರಸಂಗವನ್ನೇ ಸೋಲಿನ ಕಾರಣ ಎನ್ನುವವರಿದ್ದಾರೆ, ಅದು ಸರಿಯಲ್ಲ. ಲೆಕ್ಕ ಮೊದಲೇ ಕೂಡಿರಲಿಲ್ಲ, ಸಂದೇಶವನ್ನು ನಡುದಾರಿಯಲ್ಲಿ ತಿರುವಿ ಹಾಕಿದ್ದು ಅದನ್ನು ಇನ್ನಷ್ಟು ಕೆಡಿಸಿತು.

ಬೂತಿನ ಲೆಕ್ಕ: ಕೈಯಾರೆ ಮಾಡಿ ನೋಡಿ

ಕಲಿಕೆಗಾಗಿ ಒಂದು ಕಾಲ್ಪನಿಕ ಕ್ಷೇತ್ರ: 2,20,000 ಮತದಾರರು, 240 ಮತಗಟ್ಟೆ, ತ್ರಿಕೋನ ಸ್ಪರ್ಧೆ. ಶೇ 73 ಮತದಾನವಾದರೆ 1,60,600 ಮತ. ಗೆಲ್ಲಲು ಶೇ 42 ಬೇಕೆಂದುಕೊಂಡರೆ 67,450. ನಿಮ್ಮ ಪಕ್ಷದ ಬುಡ ಶೇ 35, ಅಂದರೆ 56,210. ಕೊರತೆ 11,240. ಬೂತಿಗೆ ಹಂಚಿದರೆ 47 ಮತ. ‘ಅಲೆ ಎಬ್ಬಿಸಬೇಕು’ ಎಂಬ ಮಾತು ಬೂತಿಗೆ 47 ಮತ ಎಂದಾದಾಗ ಕಾರ್ಯಕರ್ತನಿಗೆ ಕೆಲಸ ಸಿಗುತ್ತದೆ.

ಆದರೆ ಎಲ್ಲ ಬೂತಿಗೂ ಸಮನಾಗಿ ಹಂಚುವುದು ತಪ್ಪು. ಚುನಾವಣಾ ಅಧಿಕಾರಿಗಳು ಪ್ರಕಟಿಸುವ ಫಾರ್ಮ್ 20ರಲ್ಲಿ ಬೂತುವಾರು ಮತಗಳಿರುತ್ತವೆ. ಕಳೆದ ಮೂರು ಚುನಾವಣೆಗಳದ್ದನ್ನು ಪಕ್ಕಪಕ್ಕ ಇಟ್ಟು, ಮೂರೂ ಸಲ ಗೆದ್ದದ್ದು ಎ, ಎರಡು ಸಲ ಬಿ, ಒಂದು ಸಲ ಸಿ, ಒಮ್ಮೆಯೂ ಇಲ್ಲದ್ದು ಡಿ ಎಂದು ವಿಂಗಡಿಸಿ. ಎ ಬೂತಿನಲ್ಲಿ ಕೆಲಸ ಮನವೊಲಿಕೆಯಲ್ಲ, ಮತದಾನದ ಪ್ರಮಾಣ ಏರಿಸುವುದು. ಮನವೊಲಿಕೆಯ ಶ್ರಮ ಬಿ ಮತ್ತು ಸಿಗೆ. ನಮ್ಮ ಉದಾಹರಣೆಯಲ್ಲಿ ಬಿ ಬೂತು 90 ಇದ್ದು, ಕೊರತೆಯ ಶೇ 60ನ್ನು ಅಲ್ಲಿಂದ ತುಂಬುವುದಾದರೆ ಬೂತಿಗೆ 75 ಮತ. ಮನೆಗೆ ಮೂರು ಮತ ಎಂದರೆ 25 ಮನೆ. ಆ 25 ಮನೆ ಯಾವುವು ಎಂಬ ಪಟ್ಟಿ ಕೈಯಲ್ಲಿರಬೇಕು.

ಇಲ್ಲಿ ಎಡವುವುದು ಬೂತು ಸಂಖ್ಯೆಯಲ್ಲಿ. ಎರಡು ಚುನಾವಣೆಗಳ ನಡುವೆ ಮತಗಟ್ಟೆ ಒಡೆಯುತ್ತದೆ, ಕ್ರಮಸಂಖ್ಯೆ ಸರಿಯುತ್ತದೆ. 2018ರ 112ನೇ ಬೂತು 2023ರಲ್ಲಿ 118 ಆಗಿರಬಹುದು. ಸಂಖ್ಯೆಯನ್ನು ನಂಬದೆ ಶಾಲೆಯ ಹೆಸರು, ಬೀದಿಯ ಹೆಸರು ಹೊಂದಿಸಿಕೊಳ್ಳಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ಸಮೀಕ್ಷೆ

240ರಲ್ಲಿ 20 ಬೂತು ಆರಿಸಿ, ಬೂತಿಗೆ 20 ಜನರಂತೆ 400. ಪಟ್ಟಿಯಲ್ಲಿ ಸರಾಸರಿ 917 ಹೆಸರಿದ್ದರೆ ಪ್ರತಿ 45ನೇ ಹೆಸರು. 400ರ ಮಾದರಿಗೆ ದೋಷದ ಅಂತರ ಹೆಚ್ಚು ಕಡಿಮೆ 4.9 ಅಂಶ ಎಂದು ಪಠ್ಯದಲ್ಲಿದೆ. ಅದು ಇಡೀ ಕ್ಷೇತ್ರದಿಂದ ಚೀಟಿ ಎತ್ತಿದಂತೆ ಆರಿಸಿದಾಗ. ಬೂತಿನ ಗುಂಪಿನಲ್ಲಿ ಆರಿಸಿದರೆ ಅದು 6ರಿಂದ 7ಕ್ಕೆ ಏರುತ್ತದೆ. ಹಾಗಾಗಿ ಒಂದು ಕ್ಷೇತ್ರದ ಸಮೀಕ್ಷೆಯಲ್ಲಿ 38 ಮತ್ತು 35ರ ನಡುವೆ ಯಾರು ಮುಂದು ಎಂದು ಹೇಳಲಾಗದು. ಟಿಕೆಟ್ ಹಂಚಿಕೆಯ ಹೊತ್ತಿನಲ್ಲಿ ಈ ಎಚ್ಚರ ಮರೆತರೆ ಒಳ್ಳೆಯ ಅಭ್ಯರ್ಥಿ ತಪ್ಪಿಹೋಗುತ್ತಾರೆ.

ಬೀಗ ಹಾಕಿದ ಮನೆ ಸಿಕ್ಕಾಗ ಪಕ್ಕದ ಮನೆಗೆ ಹೋಗುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಹಗಲು ಮನೆಯಲ್ಲಿರುವವರ ಅಭಿಪ್ರಾಯವೇ ತುಂಬಿಕೊಳ್ಳುತ್ತದೆ. ಕೂಲಿಗೆ, ಗಾರ್ಮೆಂಟ್ಸ್‌ಗೆ ಹೋದವರು ಬಿಟ್ಟುಹೋಗುತ್ತಾರೆ. ಸಂಜೆ ಮತ್ತೆ ಹೋಗಬೇಕು. ಮಹಿಳೆಯರನ್ನು ಮಹಿಳೆಯರೇ ಮಾತಾಡಿಸಬೇಕು. ಮತದ ಪ್ರಶ್ನೆಯನ್ನು ಬಾಯಿಂದ ಕೇಳದೆ, ಮಾದರಿ ಮತಪತ್ರ ಕೊಟ್ಟು ಪೆಟ್ಟಿಗೆಗೆ ಹಾಕಿಸಿದರೆ ಉತ್ತರ ಹೆಚ್ಚು ಪ್ರಾಮಾಣಿಕ. ಚಹಾದಂಗಡಿಯಲ್ಲಿ ಕೂತು ಫಾರ್ಮ್ ತುಂಬುವವರನ್ನು ಹಿಡಿಯಲು ಶೇ 10ರಷ್ಟು ಮನೆಗಳಿಗೆ ಮರುಕರೆ ಮಾಡಿ.

ಬಂಗಾಳ: ಕ್ರಮವೇ ತಂತ್ರ

2019ರ ಲೋಕಸಭೆಯಲ್ಲಿ ಆಡಳಿತದಲ್ಲಿದ್ದ ಮಮತಾ ಬ್ಯಾನರ್ಜಿಯವರ ತೃಣಮೂಲ ಶೇ 43, ಬಿಜೆಪಿ ಶೇ 40. ಸ್ಥಳೀಯ ನಾಯಕರು ಯೋಜನೆಗಳಲ್ಲಿ ಪಡೆಯುತ್ತಿದ್ದ ‘ಕಟ್ ಮನಿ’ ದೊಡ್ಡ ಸಿಟ್ಟಾಗಿತ್ತು. ಜುಲೈನಲ್ಲೇ ‘ದೀದಿ ಕೆ ಬೋಲೊ’ (ದೀದಿಗೆ, ಅಂದರೆ ಮಮತಾಗೆ, ಹೇಳಿ) ಎಂಬ ದೂರವಾಣಿ ಸಂಖ್ಯೆ, ಜಾಲತಾಣ ಬಂತು. ಮೊದಲು ಕೇಳಿಸಿಕೊಂಡರು. 2020ರ ಡಿಸೆಂಬರ್‌ನಲ್ಲಿ ‘ದುವಾರೆ ಸರ್ಕಾರ್’ (ಮನೆ ಬಾಗಿಲಿಗೆ ಸರ್ಕಾರ) ಶಿಬಿರಗಳ ಮೂಲಕ ಆರೋಗ್ಯ ಕಾರ್ಡ್, ಜಾತಿ ಪ್ರಮಾಣಪತ್ರ ಮನೆಯ ಹತ್ತಿರವೇ ಸಿಗುವಂತಾಯಿತು. ‘ಬಂಗಾಳಕ್ಕೆ ತನ್ನ ಮಗಳೇ ಬೇಕು’ ಎಂಬರ್ಥದ ಘೋಷಣೆ ಬಂದದ್ದು 2021ರ ಫೆಬ್ರುವರಿಯಲ್ಲಿ, ಎಲ್ಲಕ್ಕಿಂತ ಕೊನೆಗೆ. ಫೆಬ್ರುವರಿ 26ರಂದು ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬಂತು. ಶಿಬಿರಗಳು ಅಷ್ಟರೊಳಗೆ ಆಗಿದ್ದವು. ಕ್ರಮ ಹಿಂದುಮುಂದಾಗಿ ಘೋಷಣೆ ಮೊದಲು ಬಂದಿದ್ದರೆ ಕಟ್ ಮನಿಯ ಸಿಟ್ಟು ಅದನ್ನು ನುಂಗುತ್ತಿತ್ತು ಎಂಬುದು ನಮ್ಮ ಓದು. ತೃಣಮೂಲ ಶೇ 48ಕ್ಕೆ ಏರಿತು, ಬಿಜೆಪಿ 77 ಸ್ಥಾನಕ್ಕೆ ನಿಂತಿತು.

ಸರ್ಕಾರದ ಯಂತ್ರಕ್ಕೂ ಪಕ್ಷದ ಪ್ರಚಾರಕ್ಕೂ ಇರುವ ಗೆರೆ ಇಲ್ಲಿ ತೆಳುವಾಗುತ್ತದೆ. ಆಡಳಿತ ಪಕ್ಷಕ್ಕೆ ಮಾತ್ರ ಲಭ್ಯವಾದ ಈ ಅನುಕೂಲವನ್ನು ‘ತಂತ್ರ’ ಎಂದು ಕೊಂಡಾಡುವ ಮುನ್ನ ವಿದ್ಯಾರ್ಥಿಗಳು ಯೋಚಿಸಬೇಕು. ಹಣದ ಮಾತೂ ಹಾಗೆಯೇ: ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿ ಮಿತಿಯಿದೆ, ಪಕ್ಷದ ವೆಚ್ಚಕ್ಕೆ ಮಿತಿಯಿಲ್ಲ. ಐ-ಪ್ಯಾಕ್‌ನಂಥ ಸಂಸ್ಥೆಗಳನ್ನು ಪಕ್ಷವೇ ಗೊತ್ತುಮಾಡಿಕೊಳ್ಳುವುದಕ್ಕೆ ಇದೂ ಒಂದು ಅನುಕೂಲ.

ಇನ್ನೊಂದು ಎಚ್ಚರಿಕೆ. ಪ್ರಚಾರ ನಡೆಸುವುದು, ಭವಿಷ್ಯ ನುಡಿಯುವುದು ಬೇರೆ ಬೇರೆ ಕಸುಬು. ಬಂಗಾಳದಲ್ಲಿ ಬಿಜೆಪಿ ಎರಡಂಕಿ ದಾಟದು ಎಂಬ ಕಿಶೋರ್ ಮಾತು ನಿಜವಾಯಿತು. 2024ರಲ್ಲಿ ಬಿಜೆಪಿ 300ರ ಆಸುಪಾಸು ಬರುತ್ತದೆ ಎಂದದ್ದು ತಪ್ಪಿತು, ಬಂದದ್ದು 240.

ಕರ್ನಾಟಕದ ಅಭ್ಯಾಸ

2018: ಬಿಜೆಪಿ ಶೇ 36.3, 104 ಸ್ಥಾನ. ಕಾಂಗ್ರೆಸ್ ಶೇ 38.1, 80; ಜೆಡಿಎಸ್ ಶೇ 18.3, 37. 2023: ಬಿಜೆಪಿ ಶೇ 36, 66, ಕಾಂಗ್ರೆಸ್ ಶೇ 42.9, 135, ಜೆಡಿಎಸ್ ಶೇ 13.3, 19. ಬಿಜೆಪಿಯ ಮತ ಕದಲದೆ 38 ಸ್ಥಾನ ಹೋಯಿತು. ಜೆಡಿಎಸ್ ಕಳೆದುಕೊಂಡ 5 ಅಂಶ ನೇರ ಕಾಂಗ್ರೆಸ್ಸಿಗೆ ಹೋಯಿತು ಎಂದು ಬರೆದರೆ ಅಂಕ ಸಿಗುವುದಿಲ್ಲ. ಹಳೆ ಮೈಸೂರು, ಬೆಂಗಳೂರು ಭಾಗದಲ್ಲಿ ಬಿಜೆಪಿಯ ಮತ ಏರಿದೆ, ಉತ್ತರ ಕರ್ನಾಟಕದಲ್ಲಿ ಇಳಿದಿದೆ. ಎರಡೂ ಸೇರಿ ರಾಜ್ಯದ ಸರಾಸರಿಯಲ್ಲಿ ಏನೂ ಆಗದಂತೆ ಕಾಣುತ್ತದೆ.

2023ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ತಂತ್ರ ನೋಡಿಕೊಂಡವರು ಬಳ್ಳಾರಿ ಮೂಲದ ಸುನಿಲ್ ಕನುಗೋಲು. ಐದು ಗ್ಯಾರಂಟಿಗಳು ಬಿಡುಗಡೆಯಾದ ದಿನಗಳನ್ನು ಬರೆದುಕೊಳ್ಳಿ: ಗೃಹಜ್ಯೋತಿ ಜನವರಿ 11, ಗೃಹಲಕ್ಷ್ಮಿ ಜನವರಿ 16, ಅನ್ನಭಾಗ್ಯ ಫೆಬ್ರುವರಿ 24, ಯುವನಿಧಿ ಮಾರ್ಚ್ 20, ಶಕ್ತಿ ಏಪ್ರಿಲ್ 27. ಒಂದೇ ದಿನ ಪ್ರಣಾಳಿಕೆಯಲ್ಲಿ ಸುರಿದಿದ್ದರೆ ಒಂದು ದಿನದ ಸುದ್ದಿಯಾಗುತ್ತಿದ್ದದ್ದು ಮೂರೂವರೆ ತಿಂಗಳು ಬಾಳಿತು. ಮೊದಲ ಪಟ್ಟಿಯ 124 ಅಭ್ಯರ್ಥಿಗಳ ಹೆಸರು ಮಾರ್ಚ್ 25ಕ್ಕೇ ಬಂದಿತ್ತು. ಬಿಜೆಪಿಯ ಪಟ್ಟಿ ಬಂದದ್ದು ಏಪ್ರಿಲ್ 11ಕ್ಕೆ. ಮೇ 2ರ ಪ್ರಣಾಳಿಕೆಯಲ್ಲಿ ಬಜರಂಗದಳದ ಹೆಸರು ಸೇರಿದ್ದು ಮಾತ್ರ ಎದುರಾಳಿಗೆ ಕೊನೆಯ ವಾರದ ವಿಷಯ ಕೊಟ್ಟಿತು.

ಮುಂದಿನ ತರಗತಿಗೆ ನಿಮ್ಮ ಕ್ಷೇತ್ರದ 2013, 2018 ಮತ್ತು 2023ರ ಫಾರ್ಮ್ 20 ತೆಗೆದುಕೊಂಡು ಬೂತುಗಳನ್ನು ಹೊಂದಿಸಿ, ವಿಂಗಡಿಸಿ, ಕೊರತೆ ಲೆಕ್ಕ ಹಾಕಿ ತನ್ನಿ. ಬೆಂಗಳೂರಿನವರು ಜಯನಗರ ಆರಿಸಿಕೊಳ್ಳಬಹುದು: 2023ರಲ್ಲಿ ಮರುಎಣಿಕೆಯ ಬಳಿಕ ಅಲ್ಲಿನ ಅಂತರ 16 ಮತ.